ಇನ್ನಾಸಮ್ಮನ ಹಿಡಿ ಅಕ್ಕಿ

ಇದು ಯಾರೋ ಹೇಳಿ ಇನ್ಯಾರೋ ಕೇಳಿದ ಸಂಗತಿಯಲ್ಲ. ನನ್ನ ಬಾಯಲ್ಲಿ ಬಲಗಡೆ ಒಂದು ಹಲ್ಲು ಅರ್ಧ ಇದೆ. ಉಳಿದ ಅರ್ಧದ ಕಥೆ ಇದು.

ಆನೆಮಡು ಅಂತ ಹೊಳೆಯ ಒಂದು ತಿರುವು. ಅಲ್ಲಿ ನೀರು ಎಷ್ಟು ಆಳ ಅಂದರೆ, ಬೆಳಿಗ್ಗೆ ಒಂದು ಕಲ್ಲು ಹಾಕಿದರೆ ಅದು ತಳ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟ ಆಗಿರುತ್ತಿತ್ತು. ನಾನೇ ಹಾಕಿ ನೋಡಿದ್ದೇನೆ.

ದಡದ ಮೇಲೆ ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಹುಣಸೆಮರ, ಯೇಸುಸ್ವಾಮಿಯ ಒಂದು ಸಣ್ಣ ಗುಡಿ. ಗುರುಗಳ ಹೆಸರು ಅರುಳಪ್ಪ. ಶಿಷ್ಯ ನಾನು, ರಾಯಪ್ಪ.

ಆಗ ನನಗೆ ಇಪ್ಪತ್ತೆರಡು ವರ್ಷ. ನನ್ನ ಹಲ್ಲು ಸುತ್ತಲ ಏಳು ಹಳ್ಳಿಯಲ್ಲಿ ಹೆಸರುವಾಸಿ. ಹನ್ನೊಂದು ಜನ, ಎರಡು ಆಡು ಕೂತಿದ್ದ ತೆಪ್ಪವನ್ನು ಹಗ್ಗ ಕಚ್ಚಿ ದಡಕ್ಕೆ ಎಳೆದಿದ್ದೇನೆ. ಆಡುಗಳು ಗಾಬರಿಯಾದವು. ಜನ ಆಗಲಿಲ್ಲ, ಅವರಿಗೆ ನನ್ನ ಪರಿಚಯವಿತ್ತು.

ಹಲ್ಲಿನಷ್ಟೇ ಗಟ್ಟಿ ನನ್ನ ಅನುಮಾನ. ಗುರುಗಳ ಹತ್ತಿರ ಹೋದದ್ದೂ ಅನುಮಾನದಿಂದಲೇ. ಇಷ್ಟು ಒಳ್ಳೆಯ ಮನುಷ್ಯ ಇರಲಿಕ್ಕಿಲ್ಲ, ಒಳಗೆ ಏನೋ ಇದೆ, ಹತ್ತಿರವಿದ್ದು ಹಿಡಿಯೋಣ ಅಂತ ಹೋದವನು ಅಲ್ಲೇ ಉಳಿದುಬಿಟ್ಟೆ.

ಆನೆಮಡು ಊರಿನಲ್ಲಿ ಇಪ್ಪತ್ತೆರಡು ಮನೆ. ಎಲ್ಲವೂ ಯೇಸುಸ್ವಾಮಿಯನ್ನು ನಂಬಿದ ಮನೆಗಳೇ. ಪ್ರತಿ ಮನೆಯಲ್ಲೂ ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಶನಿವಾರ ಅದು ಆಶ್ರಮಕ್ಕೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಒಂದೇ ಹಂಡೆಯಲ್ಲಿ ಗಟ್ಟಿ ಗಂಜಿ. ಕೈಲಾಗದವರು, ಕಾಯಿಲೆಯವರು, ದಾರಿಹೋಕರು, ಊರ ಯಜಮಾನರು, ಎಲ್ಲರಿಗೂ ಅದೇ ಗಂಜಿ.

ಅಕ್ಕಿ ಎತ್ತುವ ಕೆಲಸ ನನ್ನದು. ಅದಕ್ಕೊಂದು ಕಟ್ಟಳೆ ಇತ್ತು. ಚೀಲ ಒಂದೇ ಇರಬೇಕು. ಬಾಗಿಲಲ್ಲಿ ಚೀಲದ ಬಾಯಿ ತೆರೆದು ಹಿಡಿದು, ಮುಖ ಬೇರೆ ಕಡೆ ತಿರುಗಿಸಿ ನಿಲ್ಲಬೇಕು. ಯಾರು ಎಷ್ಟು ಹಾಕಿದರು, ಎಂಥದ್ದು ಹಾಕಿದರು, ನೋಡಬಾರದು.

ಇನ್ನೊಂದು ಇತ್ತು. ಊರು ಒಂದು ಮನೆಯ ಹಿಡಿಯನ್ನು ಬೇಡ ಅಂದರೆ ಆ ಮನೆ ಹೊರಗಾಯಿತು ಅಂತ ಅರ್ಥ. ಹಿಡಿ ನಿಂತ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ. ಆ ಮನೆಯ ಹೆಣಕ್ಕೆ ಯಾರೂ ಹೆಗಲು ಕೊಡುವುದಿಲ್ಲ.

ನನ್ನ ಕಾಲದಲ್ಲಿ ಹಾಗೆ ಒಂದೇ ಒಂದು ಮನೆಯ ಹಿಡಿ ನಿಂತಿತ್ತು, ನಾನು ಆಶ್ರಮ ಸೇರುವ ಮೊದಲು. ಆ ಮನೆಯವನು ತನ್ನ ತಾಯಿಯ ಪೆಟ್ಟಿಗೆಯನ್ನು ಒಬ್ಬನೇ ಹಗ್ಗ ಕಟ್ಟಿ ಸಮಾಧಿಯವರೆಗೆ ಎಳೆದುಕೊಂಡು ಹೋದ. ಇದರಲ್ಲಿ ನಾನು ಏನನ್ನೂ ಸೇರಿಸಿ ಹೇಳುತ್ತಿಲ್ಲ.

ಅಕ್ಕಿ ಆರಿಸುವ ಕೆಲಸವನ್ನು ಮೊದಲು ಗುರುಗಳೇ ಮಾಡುತ್ತಿದ್ದರು. ಶನಿವಾರ ಮಧ್ಯಾಹ್ನ ಮೊರ ಇಟ್ಟುಕೊಂಡು ಕೂತರೆ ಹೊತ್ತು ಇಳಿಯುವವರೆಗೂ ಏಳುತ್ತಿರಲಿಲ್ಲ. ಆ ವರ್ಷ ಅವರ ಬೆನ್ನು ನೋಯುತ್ತದೆ ಅಂತ ಆ ಕೆಲಸವೂ ನನಗೆ ಬಂತು. ಒಂದು ಜಪಸರದ ಮಣಿ ಎಣಿಸಿ ಮುಗಿಯುವಷ್ಟರಲ್ಲಿ ಅಷ್ಟೂ ಅಕ್ಕಿ ಆರಿಸಿಬಿಡುತ್ತಿದ್ದೆ. ನನ್ನ ಕೈ ಅಷ್ಟು ಚುರುಕು.

ಗಂಜಿಯಲ್ಲಿ ಕಲ್ಲು ಸಿಗಲು ಶುರುವಾದದ್ದು ಆ ವರ್ಷವೇ.

ಈಗ ಇನ್ನಾಸಮ್ಮನ ವಿಷಯ ಹೇಳಬೇಕು. ಊರಿನ ಕೊನೆಯ ಮನೆ ಅವಳದು. ಗಂಡ ತೆಪ್ಪ ಹಾಕುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಅವಳು, ಒಂದು ಆಡು, ಒಂದು ನಾಲಿಗೆ. ಆ ನಾಲಿಗೆಗೆ ಹೆದರಿಯೇ ಹೊಳೆ ಅವಳ ಮನೆಯ ಹತ್ತಿರ ತಿರುಗಿಕೊಂಡಿದೆ ಅಂತ ಹೇಳುವವರಿದ್ದರು. ನಾನೇ ಹೇಳುತ್ತಿದ್ದೆ.

ಭಾನುವಾರ ಅವಳು ಪ್ರಾರ್ಥನೆಗೆ ಬರುತ್ತಿದ್ದಳು. ಗುಡಿಯ ಹೊರಗೇ ನಿಂತು, ಗಂಜಿಗೆ ನಿಲ್ಲದೆ ಹೋಗಿಬಿಡುತ್ತಿದ್ದಳು. ಹಂಡೆಯಿಂದ ಮೊದಲ ಬೋಗುಣಿ ತುಂಬಿಸಿ ಗುರುಗಳು ನನ್ನ ಕೈಗೆ ಕೊಡುತ್ತಿದ್ದರು.

"ಇನ್ನಾಸಮ್ಮನಿಗೆ."

ಹನ್ನೆರಡು ವರ್ಷದಿಂದ ಹೀಗೇ ಅಂತೆ. ನನಗಿಂತ ಮೊದಲು ಗುರುಗಳೇ ಹೊತ್ತುಕೊಂಡು ಹೋಗುತ್ತಿದ್ದರಂತೆ.

ಆ ಭಾನುವಾರವೂ ಹೋದೆ. ಅವಳು ಆಡಿಗೆ ಸೊಪ್ಪು ಹಾಕುತ್ತಿದ್ದಳು.

"ಏನೋ ಅದು?"

"ಗಂಜಿ ಅಜ್ಜಿ. ಗುರುಗಳು ಕಳಿಸಿದ್ದಾರೆ."

"ಯಾಕಂತೆ?"

"ಯಾಕೂ ಇಲ್ಲ."

"ಯಾಕೂ ಇಲ್ದೆ ಯಾರು ಯಾರಿಗೆ ಏನ್ ಕೊಡ್ತಾರೋ? ನನ್ ಆಡಿನ ಮೇಲೆ ಕಣ್ಣಾ ನಿಮ್ ಮುದುಕನಿಗೆ?"

"ಗುರುಗಳು ಮಾಂಸ ಮುಟ್ಟೋದಿಲ್ಲ."

"ಹಂಗಾದ್ರೆ ನಿನ್ ಕಣ್ಣೇ ಇರ್ಬೇಕು. ನೀನ್ ತಿನ್ನು ಮೊದ್ಲು. ಏನ್ ಬೆರೆಸಿದ್ದೀರೋ ಏನೋ."

ಪ್ರತಿ ವಾರವೂ ಹೀಗೇ. ಮೊದಲ ತುತ್ತು ನಾನು ತಿಂದು, ಬೀಳದೆ ನಿಂತಿದ್ದೇನೆ ಅಂತ ನೋಡಿದ ಮೇಲೆಯೇ ಅವಳು ಬೋಗುಣಿ ತೆಗೆದುಕೊಳ್ಳುವುದು. ಅನುಮಾನದಲ್ಲಿ ಆ ಊರಿನಲ್ಲಿ ನನಗೆ ಸಮನಾಗಿ ಇದ್ದವಳು ಅವಳೊಬ್ಬಳೇ. ಅದನ್ನು ಒಪ್ಪಿಕೊಳ್ಳಬೇಕು.

ನಾನು ದೊಡ್ಡದೊಂದು ತುತ್ತು ಬಾಯಿಗೆ ಹಾಕಿ ಕಚ್ಚಿದೆ.

ಹೊಳೆಯ ಆಚೆ ದಡದ ಹಕ್ಕಿಗಳು ಎದ್ದವು. ಅಂಥ ಸದ್ದು.

"ಏನೋ ಅದು, ಗುಡಿ ಗಂಟೆನಾ?" ಅಂದಳು ಇನ್ನಾಸಮ್ಮ.

ಅಂಗೈಗೆ ಉಗಿದುಕೊಂಡು ನೋಡಿದೆ. ನನ್ನ ಅರ್ಧ ಹಲ್ಲು. ಅದರ ಪಕ್ಕ ಒಂದು ಕಲ್ಲು. ಅಕ್ಕಿ ಕಾಳಿನಷ್ಟೇ ಉದ್ದ, ಅಕ್ಕಿ ಕಾಳಿನದೇ ಬಣ್ಣ.

ಅವಳು ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ತಗೊಂಡೋಗು ನಿನ್ ಹಲ್ಲನ್ನ. ನನ್ ಅಂಗಳದಲ್ಲಿ ಬಿತ್ತಬೇಡ. ಮೊಳಕೆ ಗಿಳಕೆ ಬಂದೀತು."

ಆ ನಗುವಿನಲ್ಲಿ ಏನೋ ಇದೆ ಅಂತ ನನಗೆ ಆಗಲೇ ಅನ್ನಿಸಿತು.

ಗುರುಗಳು ಹುಣಸೆಮರದ ಬೇರಿನ ಮೇಲೆ ಕೂತು ಗಂಜಿ ತಿನ್ನುತ್ತಿದ್ದರು. ಅವರು ತಿನ್ನುವುದು ಹೇಗೆ ಅಂದರೆ, ಊರೆಲ್ಲ ತಿಂದು ಕೈ ತೊಳೆದು ಮನೆಗೆ ಹೋಗಿ ಮಲಗಿದರೂ ಅವರ ಬೋಗುಣಿ ಅರ್ಧವಾಗುತ್ತಿರಲಿಲ್ಲ.

"ಗುರುಗಳೇ, ನನ್ನ ಹಲ್ಲು."

ಅವರು ಹಲ್ಲು ನೋಡಿದರು. ಕಲ್ಲು ತೆಗೆದುಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿದರು.

"ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ."

"ಯಾರು?"

"ಇದನ್ನ ಹುಡುಕಿದವರು. ಅಷ್ಟು ಮರಳಿನಲ್ಲಿ ಅಕ್ಕಿಯಂಥ ಕಲ್ಲನ್ನೇ ಆರಿಸಬೇಕಲ್ಲ."

"ಅಂದ್ರೆ ಬೇಕೂಂತಲೇ ಹಾಕಿದ್ದಾರೆ!"

ಗುರುಗಳು ಅಗಿಯುತ್ತಿದ್ದರು.

"ಯಾರು ಅಂತ ನಿಮಗೆ ಗೊತ್ತು."

ಅಗಿಯುತ್ತಿದ್ದರು.

"ಸರಿ. ನಾನೇ ಹುಡುಕ್ತೀನಿ."

"ಸಿಕ್ಕಿದ ಮೇಲೆ?"

"ಯಜಮಾನರಿಗೆ ಹೇಳ್ತೀನಿ."

"ಹೇಳಿದ ಮೇಲೆ ಹಲ್ಲು ಬೆಳೆಯುತ್ತಾ?"

ಬೆಳೆಯುವುದಿಲ್ಲ ಅಂತ ಆಗ ಖಂಡಿತವಾಗಿ ಗೊತ್ತಿರಲಿಲ್ಲ. ನನ್ನ ಮೈಯ ಶಕ್ತಿ ಹಾಗಿತ್ತು.

ಅವತ್ತಿನಿಂದ ನನಗೆ ನಿದ್ದೆ ಕಡಿಮೆಯಾಯಿತು. ಮೊದಲು ಇನ್ನಾಸಮ್ಮನ ಮೇಲೆ ಅನುಮಾನ. ಆಮೇಲೆ ಗುರುಗಳ ಮೇಲೆ. ಇಡೀ ಊರಿನಲ್ಲಿ ಮೊದಲ ಬೋಗುಣಿ ಅವಳಿಗೇ ಯಾಕೆ? ಗುರುಗಳ ಹಳೆಯ ಗುಟ್ಟು ಏನಾದರೂ ಅವಳ ಕೈಯಲ್ಲಿದೆಯೇ? ಅಥವಾ ಸಂಬಂಧಿಯೇ? ಇವರೂ ಅವಳ ನಾಲಿಗೆಗೆ ಹೆದರಿದ್ದಾರೆಯೇ?

ಗುರುಗಳು ಹೊಳೆಗೆ ಹೋದರೆ ಹಿಂದೆ ಹೋದೆ. ಪ್ರಾರ್ಥನೆಗೆ ಕೂತರೆ ತಟ್ಟಿಯ ಸಂದಿಯಿಂದ ನೋಡಿದೆ. ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗ ಅನುಮಾನ ಇನ್ನೂ ಕೊಬ್ಬುತ್ತದೆ.

ಕೊನೆಗೆ ಕೇಳಿಯೇಬಿಟ್ಟೆ.

"ಗುರುಗಳೇ, ಬೈಯುವವರಿಗೆ ಮೊದಲ ಬೋಗುಣಿ, ನಿಮ್ಮ ಕಾಲು ಒತ್ತುವವನಿಗೆ ಕೊನೆಯದು. ಇದು ಯಾವ ನ್ಯಾಯ?"

"ಗುಡಿಯಲ್ಲಿ ಸ್ವಾಮಿ ಶಿಷ್ಯರ ಜೊತೆ ಊಟಕ್ಕೆ ಕೂತ ಕಡೆಯ ಭೋಜನದ ಪಟ ಇದೆಯಲ್ಲ, ನೋಡಿದ್ದೀಯಾ?"

"ದಿನಾ ಅದರ ದೂಳು ಒರೆಸುವವನು ನಾನೇ."

"ಅದರಲ್ಲಿ ಸ್ವಾಮಿಯನ್ನ ಹಿಡಿದುಕೊಡುವ ಶಿಷ್ಯನೂ ಕೂತಿದ್ದಾನೆ. ಇವನೇ ಅಂತ ಸ್ವಾಮಿಗೆ ಗೊತ್ತಿತ್ತು. ಹೋಗಿ, ಯಾರ ಮುಂದೆ ತಟ್ಟೆ ಇಲ್ಲ ನೋಡಿ ಬಾ."

ನಾನು ಹೋದೆ. ಪಟ ಕೆಳಗಿಳಿಸಿ, ಬಾಗಿಲ ಬೆಳಕಿಗೆ ತಂದು, ಒಬ್ಬೊಬ್ಬರ ಮುಂದೂ ಬೆರಳಿಟ್ಟು ನೋಡಿದೆ. ಬರೆದವನು ಮರೆತಿರಬಹುದು ಅಂತ ಎರಡನೇ ಸಲವೂ ನೋಡಿದೆ.

"ಏನಾಯ್ತು?" ಅಂದರು ಗುರುಗಳು.

"ಎಲ್ಲರ ಮುಂದೂ ಇದೆ."

"ಹೌದಾ," ಅಂದರು, ಅವರಿಗೂ ಅದು ಹೊಸ ವಿಷಯ ಅನ್ನುವ ಹಾಗೆ.

ನನಗೆ ಸಮಾಧಾನವಾಗಲಿಲ್ಲ. ಪಟದಲ್ಲಿ ಯಾರ ಹಲ್ಲೂ ಮುರಿದಿರಲಿಲ್ಲ.

ಮುಂದಿನ ಭಾನುವಾರ ಕಲ್ಲು ಊರ ಯಜಮಾನ ಚಿನ್ನಪ್ಪನವರ ಬಾಯಿಗೇ ಸಿಕ್ಕಿತು. ಅವರು ನನ್ನನ್ನು ಹೊಳೆಯ ಹತ್ತಿರ ಕರೆದರು. ದಪ್ಪ ಮೀಸೆ, ಮೆಲ್ಲನೆಯ ಮಾತು.

"ಯಾವ ಮನೆಯದೋ ಅದು?"

"ಗೊತ್ತಿಲ್ಲ ಯಜಮಾನ್ರೇ. ಒಂದೇ ಚೀಲ."

"ಪತ್ತೆ ಮಾಡಿ ಕೊಡು. ಬರೋ ಭಾನುವಾರ ಊರ ಮುಂದೆ ಇಡೋಣ. ಆ ಮನೆಯ ಹಿಡಿ ನಿಲ್ಲಿಸ್ತೀನಿ."

"ಗುರುಗಳು ಒಪ್ಪೋದಿಲ್ಲ."

"ಸಾಕ್ಷಿ ಕಣ್ಮುಂದೆ ಇಟ್ರೆ ಗುರುಗಳೂ ಏನ್ ಮಾಡ್ತಾರೆ? ನೀನು ಬುದ್ಧಿವಂತ ರಾಯಪ್ಪ. ನಿನ್ನ ಕೈಲಾಗುತ್ತೆ."

ಅದು ನಿಜ. ನನ್ನ ಕೈಲಾಗುತ್ತಿತ್ತು.

ಹಳೆಯ ಪಂಚೆಯೊಂದನ್ನು ಹರಿದು ಇಪ್ಪತ್ತೆರಡು ತುಂಡು ಮಾಡಿದೆ. ಚೀಲದ ಒಳಗೆ ಒಂದು ತುಂಡು ಹರಡಿಕೊಂಡು ಒಂದು ಮನೆಯ ಬಾಗಿಲಲ್ಲಿ ನಿಲ್ಲುವುದು. ಅಕ್ಕಿ ಬಿದ್ದ ಮೇಲೆ, ಮುಂದಿನ ಮನೆಗೆ ನಡೆಯುವಷ್ಟರಲ್ಲಿ, ಚೀಲದೊಳಗೇ ಗಂಟು ಕಟ್ಟಿ ಹೊಸ ತುಂಡು ಹರಡುವುದು. ಹೊರಗಿನಿಂದ ನೋಡಿದರೆ ಅದೇ ಒಂದು ಚೀಲ.

ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಯಾರ ಗಂಟು ಯಾವುದು ಅಂತ ಗುರುತಿಗೆ ಆಯಾ ಅಂಗಳದ್ದೇ ಏನಾದರೊಂದು ಒಳಗೆ ಹಾಕಿದೆ. ಯಜಮಾನರ ಗಂಟಿಗೆ ಅವರ ಗಿಡದ ನಿಂಬೆ ಎಲೆ. ಹಾಡು ಹೇಳಿಕೊಡುವ ತೆರೇಜಮ್ಮನ ಗಂಟಿಗೆ ಅವಳ ಕೋಳಿಯ ಪುಕ್ಕ. ಹೀಗೇ ಊರು ಮುಗಿಸಿ ಕೊನೆಯ ಮನೆಗೆ ಬಂದೆ. ಆಡು ಬಾಗಿಲಲ್ಲೇ ಇತ್ತು. ಅದರ ಬೆನ್ನಿಂದ ನಾಲ್ಕು ಕೂದಲು ಕಿತ್ತುಕೊಂಡೆ.

"ಅದನ್ಯಾಕೋ ಅರಚಿಸ್ತೀಯ?" ಅಂತ ಒಳಗಿನಿಂದ ಇನ್ನಾಸಮ್ಮ.

"ನನ್ನ ನೋಡಿ ಖುಷಿಯಾಗಿದೆ ಅಜ್ಜಿ."

"ನಿನ್ ಮೋರೆ ನೋಡಿ ಖುಷಿಪಡೋ ಅಷ್ಟು ಕುರುಡಾಗಿಲ್ಲ ಅದು. ಆ ಕಡೆ ತಿರುಗು."

ತಿರುಗಿದೆ. ತಿರುಗಿದ ಕಡೆ ಅವಳ ಹಿತ್ತಾಳೆ ಬಿಂದಿಗೆ ಇತ್ತು. ಬೆಳಗಿ ಬೆಳಗಿ ಕನ್ನಡಿಯ ಹಾಗೆ ಇಟ್ಟಿದ್ದಳು. ಮುಖ ಕಟ್ಟಳೆಯಂತೆ ತಿರುಗಿತ್ತು. ಕಣ್ಣು ಬಿಂದಿಗೆಯಲ್ಲಿತ್ತು.

ಅವಳು ಮಡಕೆಯ ಅಕ್ಕಿಯನ್ನು ಚೀಲಕ್ಕೆ ಸುರಿದಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಿಂದ ಮೂರು ಬಿಳೀ ಕಲ್ಲು ತೆಗೆದಳು. ಒಂದೊಂದನ್ನೂ ಸೀರೆಗೆ ಒರೆಸಿ, ಅಕ್ಕಿಯ ಒಳಗೆ ಬೆರಳಿನಿಂದ ಒತ್ತಿದಳು.

"ಮುಗೀತು. ಹೋಗು," ಅಂದಳು.

ಆಶ್ರಮಕ್ಕೆ ಬಂದು, ಗುರುಗಳು ಹೊಳೆಯಲ್ಲಿದ್ದಾಗ, ಗಂಟುಗಳನ್ನು ಬಿಚ್ಚಿ ನೋಡಿದೆ. ಆಡಿನ ಕೂದಲಿನ ಗಂಟು: ಏಳು ತುಂಬು ಹಿಡಿ, ಒಳ್ಳೆಯ ಅಕ್ಕಿ, ಮೂರು ಕಲ್ಲು. ಸಿಕ್ಕಿಬಿದ್ದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ಒಂದು ಗಂಟು ಬಿಚ್ಚಿ ಸುಮ್ಮನಾಗುವವನಲ್ಲ.

ನಿಂಬೆ ಎಲೆಯ ಗಂಟಿನಲ್ಲಿ ಬರೀ ನುಚ್ಚು. ಅದೂ ನಾಲ್ಕು ಹಿಡಿ. ಅದರಲ್ಲಿ ಹುಳು ಓಡಾಡುತ್ತಿತ್ತು. ಕೋಳಿ ಪುಕ್ಕದ ಗಂಟಿನಲ್ಲಿ ಮುಕ್ಕಾಲು ಹೊಟ್ಟು. ಇನ್ನೊಂದರಲ್ಲಿ ಮುಗ್ಗಲು ಅಕ್ಕಿ, ಮೂಗಿಗೆ ಹಿಡಿಯುವ ಹಾಗಿರಲಿಲ್ಲ. ಕಲ್ಲು ಮಾತ್ರ ಯಾರದರಲ್ಲೂ ಇರಲಿಲ್ಲ.

ಎಲ್ಲವನ್ನೂ ಮತ್ತೆ ಕಟ್ಟಿಟ್ಟೆ. ಆ ಸಂಜೆ ಯಾರ ಮುಖ ನೋಡಿದರೂ ನನಗೆ ಅವರ ಗಂಟು ಕಾಣುತ್ತಿತ್ತು. ಯಜಮಾನರು "ಏನೋ ರಾಯಪ್ಪ" ಅಂದರೆ ಹುಳು ಮಾತಾಡಿದ ಹಾಗಾಯಿತು.

ಭಾನುವಾರ ಪ್ರಾರ್ಥನೆ ಮುಗಿಯಿತು. ಯಾರೂ ಹೋಗಬಾರದು ಅಂತ ಯಜಮಾನರು ಹೇಳಿದರು. ಹುಣಸೆಮರದ ಕೆಳಗೆ ಊರೆಲ್ಲ ನಿಂತಿತು. ಇನ್ನಾಸಮ್ಮ ಗುಡಿಯ ಗೋಡೆಗೆ ಒರಗಿ ಗದ್ದ ಮೇಲೆತ್ತಿ ನಿಂತಿದ್ದಳು. ಕೈ ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

"ಊರ ಗಂಜಿಗೆ ಯಾರೋ ಕಲ್ಲು ಹಾಕ್ತಿದ್ದಾರೆ," ಅಂದರು ಯಜಮಾನರು. "ಇವತ್ತು ಆ ಮನೆಯ ಹಿಡಿ ನಿಲ್ಲುತ್ತೆ. ರಾಯಪ್ಪ, ಚೀಲ ತಗೊಂಡು ಬಾ."

ನಾನು ಚೀಲ ತಂದೆ. ಗುರುಗಳು ಮುಂದೆ ಬಂದರು.

"ಚೀಲ ಆಶ್ರಮದ್ದು. ನಾನು ಬಿಚ್ಚುತ್ತೀನಿ."

ಬಾಯಿ ಬಿಚ್ಚಿ ಕೈ ಒಳಗೆ ಹಾಕಿದರು. ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಿದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನೋಟದಲ್ಲಿ ಬೈಗುಳ ಇರಲಿಲ್ಲ.

ಆಮೇಲೆ ಕೂತರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಗಂಟನ್ನೂ ಹೊರಗೆ ತೆಗೆಯದೆ, ಒಳಗೇ ಒಂದೊಂದಾಗಿ ಬಿಚ್ಚಲು ಶುರುಮಾಡಿದರು. ನಾನು ಕಟ್ಟಿದ ಗಂಟು ಗೂಳಿಯನ್ನೂ ಹಿಡಿದು ನಿಲ್ಲಿಸುವಂಥದ್ದು. ಇಪ್ಪತ್ತೆರಡು ಗಂಟು. ಬಿಸಿಲು ಏರಿತು. ಯಾರೂ ಅಲುಗಾಡಲಿಲ್ಲ.

ಎಲ್ಲ ಬಿಚ್ಚಿ, ಬಟ್ಟೆಯ ತುಂಡುಗಳನ್ನು ಒಳಗೇ ಬಿಟ್ಟು, ಅಕ್ಕಿಯನ್ನು ದೊಡ್ಡ ಮೊರಕ್ಕೆ ಸುರಿದರು. ಕೈಯಿಂದ ಒಂದು ಸುತ್ತು ಕಲಸಿದರು.

"ಒಂದೇ ಚೀಲದಲ್ಲಿ ಬಂತು," ಅಂದರು.

ನಾನು ಮುಂದೆ ನುಗ್ಗಿದೆ. "ಗುರುಗಳೇ! ನನಗೆ ಗೊತ್ತು. ನಾನು ಕಣ್ಣಾರೆ ನೋಡಿದ್ದೀನಿ!"

ಇನ್ನಾಸಮ್ಮನ ಕೈ ನಿಂತಿತು.

"ನೋಡಿದ್ಯಾ?" ಅಂದರು ಗುರುಗಳು. "ಚೀಲ ಹಿಡಿದವನು ಯಾವ ಕಡೆ ನೋಡ್ಬೇಕು ರಾಯಪ್ಪ?"

"ಬೇರೆ ಕಡೆ."

"ನೀನು ಯಾವ ಕಡೆ ನೋಡ್ತಿದ್ದೆ?"

ನಾನು ಮುಖವನ್ನು ಹೊಳೆಯ ಕಡೆ ತಿರುಗಿಸಿದೆ.

ಯಜಮಾನರು ಇನ್ನೇನೋ ಹೇಳಲು ಹೊರಟವರು ಮೊರದ ಕಡೆ ಬಗ್ಗಿ ನೋಡಿದರು. ಅಕ್ಕಿಯ ಮೇಲೆ ಒಂದು ನಿಂಬೆ ಎಲೆ ಬಿದ್ದಿತ್ತು. ಅವರು ಎಲೆ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಎಲೆ ನೋಡಿದರು. ಊರಿನಲ್ಲಿ ನಿಂಬೆ ಗಿಡ ಇದ್ದದ್ದು ಒಂದೇ ಮನೆಯಲ್ಲಿ.

ಮೆಲ್ಲಗೆ ಬಗ್ಗಿ ಎಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಗುರುಗಳು ಹೇಳಿದ ಮೇಲೆ ಮುಗೀತು," ಅಂದರು. "ಒಂದೇ ಚೀಲ. ಒಲೆ ಹಚ್ಚಿ, ಒಲೆ ಹಚ್ಚಿ. ಜನ ಹಸಿದಿದ್ದಾರೆ."

ತೆರೇಜಮ್ಮ ಬಂದು ಪುಕ್ಕ ತೆಗೆದುಕೊಂಡಳು. ಇನ್ಯಾರೋ ಒಂದು ವೀಳ್ಯದೆಲೆಯ ತೊಟ್ಟು. ಹೀಗೇ ಒಬ್ಬೊಬ್ಬರೂ ತಮ್ಮ ತಮ್ಮ ಅಂಗಳದ್ದನ್ನು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಮೊರದಲ್ಲಿ ಉಳಿದದ್ದು ನಾಲ್ಕು ಕರೀ ಕೂದಲು.

ಇನ್ನಾಸಮ್ಮ ಗೋಡೆ ಬಿಟ್ಟು ನಡೆದು ಬಂದಳು. ಆ ಮರದ ನೆರಳಿಗೆ ಅವಳು ಕಾಲಿಟ್ಟದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಕೂದಲು ಎತ್ತಿ ಬೆಳಕಿಗೆ ಹಿಡಿದಳು.

"ಇದಕ್ಕೇನೋ ನನ್ ಆಡು ಅರಚಿದ್ದು?" ಅಂತ ನನ್ನನ್ನು ಕೇಳಿದಳು. ಗುರುಗಳ ಕಡೆ ತಿರುಗಿಯೂ ನೋಡದೆ ಮನೆಗೆ ಹೋದಳು.

ಗುರುಗಳು ಮೊರವನ್ನು ಹತ್ತಿರ ಎಳೆದುಕೊಂಡು ಅಕ್ಕಿ ಆರಿಸಲು ಕೂತರು. ಗಂಜಿ ಆಗುವಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಮೊದಲ ಬೋಗುಣಿ ತುಂಬಿಸಿ ನನ್ನ ಕೈಗೆ ಕೊಟ್ಟರು.

"ಇನ್ನಾಸಮ್ಮನಿಗೆ."

"ಇವತ್ತೂನಾ?"

"ಇವತ್ತು ಭಾನುವಾರ ಅಲ್ವಾ?"

ಹೋದೆ. ಅವಳು ಹೊಸ್ತಿಲ ಮೇಲೆ ಕೂತಿದ್ದಳು.

"ತಿನ್ನು ಮೊದ್ಲು."

ತಿಂದೆ. ಎಡಗಡೆಯಿಂದ ತಿಂದೆ.

"ನೋಡಿದ್ಯಾ ನೀನು?"

"ನೋಡಿದೆ."

"ಹೆಂಗೋ?"

"ಬಿಂದಿಗೆಯಲ್ಲಿ."

ಅವಳು ಬಿಂದಿಗೆಯ ಕಡೆ ಒಂದು ನೋಟ ಎಸೆದಳು, ಮನೆಯವರೇ ಮೋಸ ಮಾಡಿದ ಹಾಗೆ.

"ಮತ್ತೆ ನಿಮ್ ಮುದುಕ ಯಾಕೆ ಹಂಗೆ ಮಾಡ್ದ? ಏನ್ ಬೇಕಂತೆ ಅವನಿಗೆ ನನ್ನಿಂದ?"

"ಅದೇ ನನಗೂ ಗೊತ್ತಾಗ್ತಿಲ್ಲ ಅಜ್ಜಿ. ಒಂದು ವರ್ಷದಿಂದ ನೋಡ್ತಿದ್ದೀನಿ."

"ನಾನ್ ಹನ್ನೆರಡು ವರ್ಷದಿಂದ."

ಆ ಒಂದು ಗಳಿಗೆ ನಮ್ಮಿಬ್ಬರದೂ ಒಂದೇ ಮನಸ್ಸು.

"ಯಾಕಜ್ಜಿ ಹಾಕ್ತೀಯ ಕಲ್ಲು? ಯಾರೋ ನಿನಗೆ ಏನೋ ಮಾಡಿರ್ಬೇಕು. ಹೇಳು."

ಅವಳಿಗೆ ಏನೋ ದೊಡ್ಡ ದುಃಖ ಇದ್ದರೆ ನನಗೆ ಅನುಕೂಲವಾಗುತ್ತಿತ್ತು. ಮರುಗಿ ಕ್ಷಮಿಸಿಬಿಡುತ್ತಿದ್ದೆ. ಅದಕ್ಕೆ ತಯಾರಾಗಿಯೇ ಕೇಳಿದ್ದೆ.

"ಯಾರೂ ಏನೂ ಮಾಡಿಲ್ಲ," ಅಂದಳು. "ಒಳ್ಳೇವರ ಹಲ್ಲು ಎಷ್ಟು ಗಟ್ಟಿ ಇರುತ್ತೆ ನೋಡೋಣ ಅಂತ."

ಬೋಗುಣಿ ಕಿತ್ತುಕೊಂಡಳು. ಒಂದು ತುತ್ತು ತಿಂದಳು.

"ಹೋಗಿ ಹೇಳು ನಿಮ್ ಮುದುಕನಿಗೆ. ಉಪ್ಪು ಕಮ್ಮಿ."

ನಾನು ಹಾಗೇ ಹೋಗಿ ಹೇಳಿದೆ. ಗುರುಗಳು ಗಂಜಿ ಬಾಯಿಗಿಟ್ಟು ನೋಡಿದರು.

"ನಿಜ," ಅಂದರು. "ಕಮ್ಮಿ ಇದೆ."

ಮತ್ತೆ ಶನಿವಾರ ಬಂತು. ಪಂಚೆಯ ತುಂಡುಗಳನ್ನು ಹೊಳೆಗೆ ಬಿಟ್ಟಿದ್ದೆ. ಒಂದೇ ಚೀಲ. ಬಾಗಿಲು ಬಾಗಿಲಲ್ಲಿ ಮುಖ ತಿರುಗಿಸಿ ನಿಂತೆ, ಕಣ್ಣನ್ನೂ ತಿರುಗಿಸಿ ನಿಂತೆ. ಯಜಮಾನರ ಮನೆಯಲ್ಲಿ ಅಕ್ಕಿ ಬೀಳುವಾಗ ಚೀಲ ಕೈಯಲ್ಲಿ ಭಾರವಾಗಿ ಇಳಿಯಿತು. ಏಳು ಹಿಡಿಗಿಂತ ಜಾಸ್ತಿಯೇ ಇರಬೇಕು.

ಇನ್ನಾಸಮ್ಮನ ಬಾಗಿಲಲ್ಲಿ ಬಿಂದಿಗೆ ಇರಲಿಲ್ಲ. ಒಳಗೆ ಎತ್ತಿಟ್ಟಿದ್ದಳು. ನಾನು ಹೊಳೆಯ ಕಡೆ ನೋಡುತ್ತಾ ನಿಂತೆ.

ಆದರೆ ನನ್ನ ಕಿವಿಯ ವಿಷಯ ಇನ್ನೂ ನಿಮಗೆ ಹೇಳಿಲ್ಲ. ಹೊಳೆಯ ಆಚೆ ಮೀನು ಆಕಳಿಸಿದರೆ ನನಗೆ ಕೇಳಿಸುತ್ತಿತ್ತು. ಅಕ್ಕಿ ಸರ್ರನೆ ಬಿತ್ತು. ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ ಒಂದು. ಇನ್ನೊಂದು. ಮತ್ತೊಂದು.

ಮೂರು.

"ಮುಗೀತು. ಹೋಗು," ಅಂದಳು.

ಆಶ್ರಮದಲ್ಲಿ ಮೊರ ಇಟ್ಟುಕೊಂಡು ಕೂತೆ. ಗುರುಗಳು ಎದುರಿಗೆ ಬಂದು ಕೂತರು. ಇಬ್ಬರೂ ಹೊತ್ತು ಇಳಿಯುವವರೆಗೆ ಆರಿಸಿದೆವು. ಒಂದು ಕಲ್ಲು ನನಗೆ ಸಿಕ್ಕಿತು. ಒಂದು ಅವರಿಗೆ ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಅಷ್ಟು ಚೆನ್ನಾಗಿ ಆರಿಸಿದ್ದಳು ಅವಳು.

ಭಾನುವಾರ ಊರೆಲ್ಲ ತಿಂದು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಗುರುಗಳು ಬೇರಿನ ಮೇಲೆ ಕೂತು ಇನ್ನೂ ತಿನ್ನುತ್ತಿದ್ದರು. ನಾನು ಕಾಯುತ್ತಾ ನಿಂತೆ.

ಅವರ ಅಗಿತ ನಿಂತಿತು. ಬಾಯಿಗೆ ಎರಡು ಬೆರಳು ಹಾಕಿ ಬಿಳೀ ಕಲ್ಲೊಂದನ್ನು ತೆಗೆದರು. ಒರೆಸಿ, ಪಕ್ಕದ ಬೇರಿನ ಮೇಲೆ ಇಟ್ಟರು. ಮತ್ತೆ ಅಗಿಯತೊಡಗಿದರು.

ನನಗೆ ತಡೆಯಲಾಗಲಿಲ್ಲ.

"ಹನ್ನೆರಡು ವರ್ಷ ಗುರುಗಳೇ! ಹನ್ನೆರಡು ವರ್ಷದಿಂದ ಮೊದಲ ಬೋಗುಣಿ ಅವಳಿಗೆ. ಹೋದ ಭಾನುವಾರ ಊರ ಮುಂದೆ ಅವಳ ಮನೆ ಉಳಿಸಿದ್ರಿ. ನಿನ್ನೆ ಮತ್ತೆ ಮೂರು ಕಲ್ಲು. ನಿಮ್ಮ ಇಷ್ಟು ಪ್ರೀತಿಯಿಂದ ಅವಳು ಕಲಿತದ್ದಾದರೂ ಏನು?"

ಗುರುಗಳು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದರು.

"ಅವಳ ವಿಷಯ ನನಗೆ ಗೊತ್ತಿಲ್ಲ ಮಗಾ," ಅಂದರು. "ನಾನು ನಿಧಾನವಾಗಿ ಅಗಿಯೋದು ಕಲಿತೆ."